ಎಡ-ಬಲ ಇರಲಿ, ತೀರ್ಮಾನ ಯಾರದು ಹೇಳು

ಮಂಡ್ಯ

ಪ್ರೀತಿಯ ಗೆಳೆಯಾ,

‘ನೀನು ಎಡವೋ ಬಲವೋ, ಒಂದು ಕಡೆ ನಿಲ್ಲು’ ಅಂತ ಫೋನಿನಲ್ಲಿ ರೇಗಿದೆಯಲ್ಲ, ಅದಕ್ಕೆ ಉತ್ತರ ಇದು. ಫೋನಲ್ಲಾದರೆ ನನಗೆ ಬಾಯಿ ಬಿಡೋಕೆ ಬಿಡಲ್ಲ ನೀನು.

ಈ ಎಡ-ಬಲ ಅನ್ನೋ ಮಾತು ಹುಟ್ಟಿದ್ದೇ ಹೀಗೆ: 1789ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆಯಲ್ಲಿ ರಾಜನಿಗೆ ವಿಟೋ, ಅಂದರೆ ಸಭೆಯ ಕಾನೂನನ್ನು ತಡೆಯೋ ಅಧಿಕಾರ ಇರಲಿ ಅಂದವರು ಅಧ್ಯಕ್ಷರ ಬಲಕ್ಕೆ ಕೂತರು, ಬೇಡ ಅಂದವರು ಎಡಕ್ಕೆ. ಆಳುವವನ ಕೈ ಎಲ್ಲಿಯವರೆಗೆ ಚಾಚಬಹುದು ಅನ್ನೋದೇ ಅವತ್ತಿನ ಜಗಳ. ಈಗ ಕೂರುವ ಜಾಗ ಮಾತ್ರ ಉಳಿದಿದೆ.

ನಮ್ಮ ಕಡೆಯದನ್ನೇ ತಗೋ. 2020ರಲ್ಲಿ ರಾಜ್ಯದ ಬಿಜೆಪಿ ಸರ್ಕಾರ ಭೂಸುಧಾರಣಾ ಕಾಯ್ದೆಯಲ್ಲಿ ಕೃಷಿಕರಲ್ಲದವರು ಜಮೀನು ಕೊಳ್ಳೋದಕ್ಕೆ ತಡೆಯಾಗಿದ್ದ 79ಎ, 79ಬಿ ಸೆಕ್ಷನ್‌ಗಳನ್ನು ತೆಗೆದುಹಾಕಿತು. ರೈತನ ಆಸ್ತಿ, ಯಾರಿಗೆ ಬೇಕಾದರೂ ಮಾರಿಕೊಳ್ಳಲಿ ಅನ್ನೋ ವಾದ. ಅದೇ ವರ್ಷ ಅದೇ ಸರ್ಕಾರ ಗೋಹತ್ಯೆ ನಿಷೇಧದ ಬಿಗಿ ಮಸೂದೆಯನ್ನೂ ತಂತು. ಗದ್ದೆ ಮಾರೋಕೆ ಸ್ವತಂತ್ರನಾದ ರೈತ, ನೊಗಕ್ಕೆ ಹೆಗಲು ಕೊಡಲಾರದ ಮುದಿ ಎತ್ತಿನ ವಿಷಯದಲ್ಲಿ ಸ್ವತಂತ್ರನಲ್ಲ. ಅದಕ್ಕೆ ದಿನಾ ಹುಲ್ಲು, ಬೂಸ ಹಾಕಬೇಕಾದವನು ಅವನೇ. ಎಡದವರು ಇದನ್ನೇ ತಿರುವಿ ಹಾಕಿದರು: ತಟ್ಟೆಯಲ್ಲೇನಿದೆ ಅಂತ ಸರ್ಕಾರ ಇಣುಕಬಾರದು, ಜಮೀನು ಮಾರಾಟಕ್ಕೆ ಮಾತ್ರ ಬೇಲಿ ಇರಲೇಬೇಕು. ಇಬ್ಬರೂ ರೈತನ ಹೆಸರಲ್ಲೇ ಮಾತಾಡಿದ್ದು ಕಣೋ, ಅವನನ್ನು ಅರ್ಧ ಮಾತ್ರ ನಂಬಿ!

ಅಧಿಕಾರಕ್ಕಂತೂ ಈ ಭೇದ ಇಲ್ಲ. ಎಡಪಂಥದ ‘ಕ್ರಾಸ್ ರೋಡ್ಸ್’ ವಾರಪತ್ರಿಕೆ ತನ್ನ ರಾಜ್ಯದೊಳಗೆ ಬರದಂತೆ ಮದ್ರಾಸ್ ಸರ್ಕಾರ ತಡೆಯಿತು. ಬಲಪಂಥದ ‘ಆರ್ಗನೈಸರ್’ ಅಚ್ಚಿಗೆ ಮೊದಲೇ ಬರಹ ತೋರಿಸಬೇಕು ಅಂತ ದೆಹಲಿಯಲ್ಲಿ ಆದೇಶವಾಯಿತು. ಸುಪ್ರೀಂ ಕೋರ್ಟ್ 1950ರ ಮೇ 26ರಂದು, ಒಂದೇ ದಿನ, ಇಬ್ಬರ ಪರವಾಗಿಯೂ ತೀರ್ಪು ಕೊಟ್ಟಿತು. ಮರುವರ್ಷ ಸಂವಿಧಾನದ ಮೊದಲ ತಿದ್ದುಪಡಿ ಬಂತು, ವಾಕ್ ಸ್ವಾತಂತ್ರ್ಯದ ಮೇಲಿನ ನಿರ್ಬಂಧಗಳ ಪಟ್ಟಿ ಬೆಳೆಯಿತು. ಆ ಎರಡೂ ಕಡೆಯವರ ಮೊಮ್ಮಕ್ಕಳು ಇವತ್ತು ಒಬ್ಬರ ಬಾಯಿ ಮುಚ್ಚಿಸೋಕೆ ಇನ್ನೊಬ್ಬರು ಪೊಲೀಸರಿಗೆ ದೂರು ಕೊಡ್ತಾರೆ.

ಹಿಡಿತ ಬರೀ ಸರ್ಕಾರದ್ದಲ್ಲ ಅಂತೀಯ, ಗೊತ್ತು. ಜಾತಿಯದೂ ಇದೆ, ಊರ ಯಜಮಾನರದೂ ಇದೆ. ಒಪ್ಪಿದೆ. ಬೇರೆ ಬೇರೆ ಧರ್ಮದವರೂ ಮದುವೆಯಾಗೋಕೆ ದಾರಿ ಮಾಡಿಕೊಟ್ಟ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಗೆ ಮುಂಚೆ 30 ದಿನದ ನೋಟಿಸು ಅಂಟಿಸಬೇಕು. ಮನೆಯವರ ಕಣ್ಣು ತಪ್ಪಿಸಿ ಬಂದ ಹುಡುಗಿಯ ಹೆಸರನ್ನು ಗೋಡೆಗೆ ಹಚ್ಚಿ ಕಾಯಿಸೋದು! ಇಲ್ಲಿ ಸರ್ಕಾರವೂ ಊರೂ ಒಂದೇ.

ನನಗೆ ನಿಜಕ್ಕೂ ತೊಡಕಾಗಿರೋದು ಕಬ್ಬಿನ ವಿಷಯ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಒಂದು ಪ್ರದೇಶದ ಕಬ್ಬನ್ನು ಒಂದು ಕಾರ್ಖಾನೆಗೆ ಮೀಸಲಿಡಬಹುದು. ಕನಿಷ್ಠ ಬೆಲೆಯ ಆಸರೆಯೂ ಅದೇ ಆದೇಶದ್ದು. ಎಲ್ಲ ಕಿತ್ತುಹಾಕು ಅನ್ನೋದು ಸುಲಭ. ಕಡಿದ ಕಬ್ಬು ಗದ್ದೆ ಬದುವಿನಲ್ಲಿ ಒಣಗಿ ದಿನದಿಂದ ದಿನಕ್ಕೆ ತೂಕ ಇಳೀತಿದ್ದರೆ ರೈತ ಯಾವ ಬಾಯಲ್ಲಿ ಚೌಕಾಸಿ ಮಾಡ್ತಾನೆ? ಆಲೆಮನೆಗೋ ಫ್ಯಾಕ್ಟರಿಗೋ ಅವನೇ ಆರಿಸಲಿ, ಬೆಲೆಯ ಖಾತ್ರಿಯೂ ಇರಲಿ ಅಂತ ನನ್ನ ಆಸೆ. ಎರಡೂ ಒಟ್ಟಿಗೆ ಆಗಲ್ಲ ಅಂತ ನೀನು ವಾದಿಸೇ ವಾದಿಸ್ತೀಯ. ಆಗಲ್ಲ ಅನ್ನೋದಾದರೆ ಯಾಕೆ ಅಂತ ಲೆಕ್ಕ ಸಮೇತ ಬರಿ.

ನಿನ್ನ ಗೆಳೆಯ