ಏಪ್ರಿಲ್ 3ರ ಸಂಸ್ಥಾಪನಾ ದಿನದ ಫಲಕ: ಲಾಂಛನ ತಿದ್ದುಪಡಿ

ಎಲ್ಲ ಸದಸ್ಯರಿಗೂ ನಮಸ್ಕಾರ.

ನಮ್ಮ ಆರ್ಮಿ ಮೆಡಿಕಲ್ ಕೋರ್‌ನ ಸಂಸ್ಥಾಪನಾ ದಿನದ ಫಲಕದ ಕರಡಿನಲ್ಲಿ, ರೆಕ್ಕೆಯುಳ್ಳ ದಂಡಕ್ಕೆ ಎರಡು ಹಾವುಗಳು ಸುತ್ತಿಕೊಂಡಿರುವ ಚಿತ್ರ ಬಂದಿದೆ. ಅದು ಅಮೆರಿಕ ಸೇನೆಯ ವೈದ್ಯಕೀಯ ಕೋರ್‌ನ ಗುರುತು. ನಮ್ಮ ಲಾಂಛನದಲ್ಲಿ ರೆಕ್ಕೆಯಿಲ್ಲದ ದಂಡಕ್ಕೆ ಒಂದೇ ಹಾವು ಸುತ್ತಿದ್ದು, ಅದರ ಸುತ್ತ ಎಲೆಗಳ ಮಾಲೆಯೂ ಮೇಲೆ ಅಶೋಕ ಸ್ತಂಭದ ಸಿಂಹಗಳೂ ಇರುತ್ತವೆ. ಧ್ಯೇಯವಾಕ್ಯವನ್ನು ‘ಸರ್ವೇ ಸಂತು ನಿರಾಮಯಾಃ’ ಎಂದೇ ಬರೆಸಬೇಕು.

ಇತಿಹಾಸದ ಭಾಗದಲ್ಲಿ 1943ರ ಸ್ಥಾಪನೆ ಇದ್ದರೆ ಸಾಕು. ಹೆಚ್ಚಿನ ಜಾಗ ಗೌರವಗಳಿಗೆ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ. ಕೊರಿಯಾ ಯುದ್ಧದಲ್ಲಿ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಕೀಯ ತುಕಡಿಯನ್ನು ಮುನ್ನಡೆಸಿ ಮಹಾವೀರ ಚಕ್ರ ಪಡೆದ ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ಅವರ ಹೆಸರು ಕರಡಿನಲ್ಲಿದೆ. ಆದರೆ 2010ರ ಫೆಬ್ರವರಿ 26ರಂದು ಕಾಬೂಲ್‌ನಲ್ಲಿ, ಕೈಯಲ್ಲಿ ಆಯುಧವಿಲ್ಲದಿದ್ದರೂ ಆತ್ಮಾಹುತಿ ದಾಳಿಕೋರನನ್ನು ಬಿಗಿಯಾಗಿ ಹಿಡಿದು ಸಹೋದ್ಯೋಗಿಗಳನ್ನು ಉಳಿಸಿ ಹುತಾತ್ಮರಾದ, ಮರಣೋತ್ತರ ಅಶೋಕ ಚಕ್ರ ಪುರಸ್ಕೃತ ಮೇಜರ್ ಲೈಶ್ರಾಮ್ ಜ್ಯೋತಿನ್ ಸಿಂಗ್ ಅವರ ಹೆಸರಿಲ್ಲ. ಅದನ್ನು ತಪ್ಪದೇ ಸೇರಿಸೋಣ.

ತಮ್ಮಲ್ಲಿ ಹಳೆಯ ಟೋಪಿ ಬ್ಯಾಡ್ಜ್ ಇದ್ದರೆ ಅದರ ಸ್ಪಷ್ಟ ಫೋಟೊವನ್ನು ಮಾರ್ಚ್ 25ರೊಳಗೆ ಇಲ್ಲಿಯೇ ಹಾಕಿ. ತಿದ್ದಿದ ಕರಡಿಗೆ ಎಲ್ಲರೂ ಒಪ್ಪಿಗೆ ತಿಳಿಸಿದ ನಂತರವೇ ಮುದ್ರಣಕ್ಕೆ ಕೊಡಲಾಗುವುದು.