ಸರ್ವಿಸ್ ಆಗಿದೆ ಎಂದು ಹೇಳಿ ಮಾರಿದ ಔಟ್‌ಬೋರ್ಡ್ ಮೋಟರ್ ಬಗ್ಗೆ ದೂರು

ಗೆ,
ಮಾಲೀಕರು ಮತ್ತು ಸರ್ವಿಸ್ ಮ್ಯಾನೇಜರ್,
ಹಳೆ ಔಟ್‌ಬೋರ್ಡ್ ಮೋಟರ್ ಮಾರಾಟ ವಿಭಾಗ

ವಿಷಯ: ನಿಮ್ಮಿಂದ ಕೊಂಡ, ದೋಣಿಯ ಹಿಂಬದಿಗೆ ಕಟ್ಟುವ 9.9 ಅಶ್ವಶಕ್ತಿಯ ಸೀಮೆಎಣ್ಣೆ ಮೋಟರ್, ಮತ್ತು ನಿಮ್ಮ ಅಂಗಡಿಯಲ್ಲಿ ನನಗಾದ ಅವಮಾನ

ಸ್ವಾಮಿ,

ನಿಮ್ಮಿಂದ ಕೊಂಡ ಮೋಟರ್ ಎರಡೇ ತಿಂಗಳಲ್ಲಿ ನೀರಿನ ಮೇಲೆ ಕೆಟ್ಟು ನಿಂತ ಬಗ್ಗೆ ಫೋನ್ ಮಾಡಿ ಕೇಳಿದ್ದಾಯಿತು, ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ್ದಾಯಿತು, ಖುದ್ದಾಗಿ ಬಂದು ನಿಂತದ್ದೂ ಆಯಿತು. ಪ್ರತಿ ಸಲವೂ ಮರ್ಯಾದೆ ಬಿಡದೆ ಮಾತಾಡಿದ್ದೇನೆ. ನೆನ್ನೆ ನಿಮ್ಮ ಕಡೆಯಿಂದ "ಕಸ್ಟಮರ್ ನಿರ್ಲಕ್ಷ್ಯ, ಕ್ಲೈಮ್ ಮುಗಿದಿದೆ" ಎಂದು ಒಂದು ಸಾಲಿನ ಮೆಸೇಜ್ ಬಂತು. ಹಾಗಾಗಿ ಈಗ ಬರವಣಿಗೆಯಲ್ಲೇ ಕೊಡುತ್ತಿದ್ದೇನೆ.

ನಿಮ್ಮ ವಾರಂಟಿ ಕಾರ್ಡ್ ನಿಮಗೆ ಬಾಯಿಪಾಠ ಇರಬೇಕು. ಅದನ್ನು ಬರೆದವರು ನೀವೇ ಅಲ್ವಾ? ಅದರ ಕೆಳಗೆ ಸೀಲ್ ಹೊಡೆದು "ವಾಟರ್ ಪಂಪ್, ಸೀಲ್, ಗೇರ್ ಆಯಿಲ್, ಆನೋಡ್ ಎಲ್ಲಾ ಹೊಸದು" ಎಂದು ಪೆನ್ನಲ್ಲಿ ಬರೆದು ಸಹಿ ಹಾಕಿದ್ದು ನಿಮ್ಮ ಮ್ಯಾನೇಜರ್. ಆ ಸಹಿ ನಂಬಿ ನಾನು ದುಡ್ಡು ಎಣಿಸಿದ್ದು.

ಹಳೆ ಮೋಟರ್ ಅಂದರೆ ಏನು ಅಂತ ನನಗೆ ಗೊತ್ತು. ನನ್ನ ಹಿಂದಿನ ಮೋಟರ್ ಕೂಡ ಸೆಕೆಂಡ್ ಹ್ಯಾಂಡೇ. 2009ರಲ್ಲಿ ತಗೊಂಡಿದ್ದು 2023ರವರೆಗೆ ಓಡಿತು, ನಡುವೆ ಒಂದು ಸಲ ಪಿಸ್ಟನ್ ರಿಂಗ್ ಹಾಕಿಸಿದ್ದು ಬಿಟ್ಟರೆ ದೊಡ್ಡ ಕೆಲಸ ಏನೂ ಬರಲಿಲ್ಲ. ದಡಕ್ಕೆ ಬಂದ ಮೇಲೆ ಸಿಹಿನೀರಿನ ಡ್ರಮ್ಮಿನಲ್ಲಿ ಮೋಟರ್ ಓಡಿಸಿ ಒಳಗಿನ ಉಪ್ಪು ತೊಳೆಯುತ್ತಿದ್ದೆ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹಾಕುವುದು, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಂದು ಕಾರ್ಬುರೇಟರ್ ಖಾಲಿ ಮಾಡುವುದು, ವರ್ಷಕ್ಕೊಮ್ಮೆ ವಾಟರ್ ಪಂಪಿನ ಒಳಗಿನ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್ ಬದಲಾಯಿಸುವುದು, ಇಷ್ಟು ಮಾಡಿದರೆ ಹಳೆ ಮೋಟರ್ ವರ್ಷಗಟ್ಟಲೆ ಕೈಕೊಡುವುದಿಲ್ಲ. ವಾಟರ್ ಪಂಪ್ ಹೊಸದು ಎಂದು ನೀವೇ ಬರೆದುಕೊಟ್ಟಿದ್ದರಿಂದ ಇಂಪೆಲ್ಲರ್ ಒಂದು ಬಿಟ್ಟು, ನಿಮ್ಮ ಮೋಟರಿಗೂ ಇದನ್ನೆಲ್ಲ ಮಾಡಿದ್ದೇನೆ. ಆದರೆ ಒಳಗೆ ಮೊದಲೇ ಸತ್ತಿರುವ ಭಾಗವನ್ನು ಹೊರಗಿನಿಂದ ತೊಳೆದು ಬದುಕಿಸಲು ಯಾರಿಂದಲೂ ಆಗುವುದಿಲ್ಲ.

ಜೂನ್‌ನಲ್ಲಿ, ನದಿ ಕಡಲಿಗೆ ಸೇರುವ ಗಂಗೊಳ್ಳಿ ಅಳಿವೆ ದಾಟುವಾಗ ಹಿಂದೆ ಚಿಮ್ಮುವ ಕೂಲಿಂಗ್ ನೀರು ಸಣ್ಣಗಾಗಿ ನಿಂತೇ ಹೋಯಿತು. ಮೋಟರ್ ಬಿಸಿಯಾಗಿ ಬಂದ್ ಆಯಿತು. ಮಳೆಗಾಲದಲ್ಲಿ ಅಳಿವೆ ಬಾಯಲ್ಲಿ ಮೋಟರ್ ನಿಂತರೆ ದೋಣಿ ಅಲೆಗೆ ಅಡ್ಡ ತಿರುಗುತ್ತದೆ. ಆಮೇಲೆ ಏನಾಗುತ್ತದೆ ಎಂದು ಕರಾವಳಿಯಲ್ಲಿ ವ್ಯಾಪಾರ ಮಾಡುವ ನಿಮಗೆ ನಾನು ಹೇಳಬೇಕಾ? ದೋಣಿಯಲ್ಲಿ ನನ್ನ ತಮ್ಮನ ಮಗನೂ ಇದ್ದ. ಹಿಂದಿನಿಂದ ಬರುತ್ತಿದ್ದ ದೋಣಿಯವರು ಹಗ್ಗ ಎಸೆದು ಎಳೆದುಕೊಂಡು ಬಂದರು.

ಊರಿನ ಮೆಕ್ಯಾನಿಕ್ ನಾಲ್ಕು ಜನರ ಎದುರಿಗೆ ಮೋಟರ್ ಬಿಚ್ಚಿದ. ಇಂಪೆಲ್ಲರಿನ ಒಂದು ರೆಕ್ಕೆ ಇರಲೇ ಇಲ್ಲ. ಉಳಿದವು ಒಂದೇ ಕಡೆ ಬಾಗಿ ಕಲ್ಲಾಗಿದ್ದವು, ಉಗುರಿನಲ್ಲಿ ಒತ್ತಿದರೆ ಪುಡಿ ಉದುರುತ್ತಿತ್ತು. ಹೊಸ ರಬ್ಬರ್ ಎರಡು ತಿಂಗಳಲ್ಲಿ ಹಾಗಾಗುವುದಿಲ್ಲ. ಗೇರ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣದಲ್ಲಿ ಇಳಿಯಿತು, ಅಂದರೆ ಪ್ರೊಪೆಲ್ಲರ್ ಶಾಫ್ಟಿನ ಸೀಲ್ ಹೋಗಿ ಒಳಗೆ ನೀರು ಸೇರಿದೆ. ಸೀಲಿನ ಹಿಂದೆ ಹಳೆ ಬಲೆಯ ನೈಲಾನ್ ದಾರ ಸುತ್ತಿಕೊಂಡಿತ್ತು. ಆ ನೀಲಿ ದಾರ ನನ್ನ ಬಲೆಯದ್ದಲ್ಲ. ಆನೋಡ್ ಅಂತೂ ಅರ್ಧ ಕರಗಿ ಹೋಗಿತ್ತು, ಅದರ ಮೇಲೆಯೇ ಬಣ್ಣ ಬಳಿದಿದ್ದೀರಿ. ಮೋಟರಿನ ಮೈ ಬದಲು ತಾನು ಸವೆಯಲಿ ಎಂದು ಇಡುವ ಲೋಹದ ತುಂಡು ಅದು. ಬಣ್ಣ ಬಳಿದರೆ ಅದು ಕೆಲಸವನ್ನೇ ಮಾಡುವುದಿಲ್ಲ. ಸರ್ವಿಸ್ ಸೆಂಟರ್ ಬೋರ್ಡ್ ಹಾಕಿಕೊಂಡವರಿಗೆ ಇದು ಗೊತ್ತಿಲ್ಲದೆ ಇರುತ್ತದಾ? ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ ನೋಡಿದರೆ ಒಂದರಲ್ಲಿ 90 ಪಿಎಸ್‌ಐ, ಇನ್ನೊಂದರಲ್ಲಿ 62. ಎರಡರ ನಡುವೆ ಶೇಕಡ 10-15ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಆ ಮೋಟರನ್ನು ಮಾರುವ ಮೊದಲೇ ಬಿಚ್ಚಿ ನೋಡಬೇಕಿತ್ತು.

ಇನ್ನು ನಿಮ್ಮ ಅಂಗಡಿಯಲ್ಲಿ ನಡೆದದ್ದು. ಇದನ್ನು ಪೂರ್ತಿ ಓದಿ.

ರಿಕ್ಷಾದಲ್ಲಿ ಮೋಟರ್ ಹಾಕಿಕೊಂಡು ನಾನು ಮತ್ತು ತಮ್ಮನ ಮಗ ಬಂದೆವು. ಬಾಗಿಲಲ್ಲೇ ನಿಮ್ಮ ಹುಡುಗ ತಡೆದು "ಒಳಗೆ ತರಬೇಡಿ, ಟೈಲ್ಸ್ ಇದೆ, ಮೀನಿನ ವಾಸನೆ ಬರ್ತದೆ" ಎಂದ. ಅದೇ ಟೈಲ್ಸ್ ಮೇಲೆ ನಿಂತು ನಾನು ದುಡ್ಡು ಕೊಟ್ಟ ದಿನ ವಾಸನೆ ಬಂದಿರಲಿಲ್ಲ. ಮೋಟರನ್ನು ಹೊರಗೆ ಮಳೆಯಲ್ಲಿ ಇಳಿಸಿದೆವು. ಮ್ಯಾನೇಜರ್ ಹೊರಗೆ ಬರಲಿಲ್ಲ. ಕುರ್ಚಿಯಲ್ಲಿ ಕೂತೇ "ಸಿಹಿನೀರಲ್ಲಿ ತೊಳೆದಿದ್ದೀರಾ?" ಎಂದರು. ತೊಳೆದಿದ್ದೇನೆ ಎಂದೆ. "ಫೋಟೋ ಇದೆಯಾ?" ದಿನಾ ತೊಳೆಯುವುದರ ಫೋಟೋ ಯಾರು ತೆಗೆಯುತ್ತಾರೆ ಸ್ವಾಮಿ? ನಾನು ಹಾಗೆ ಹೇಳಿದ್ದಕ್ಕೆ ಅವರು ಅಲ್ಲಿ ಕೂತಿದ್ದ ಇಬ್ಬರು ಗಿರಾಕಿಗಳ ಕಡೆ ತಿರುಗಿ, "ಇವರಿಗೆಲ್ಲ ಮೋಟರ್ ಕೊಡಬಾರದು, ಮೆಂಟೇನ್ ಮಾಡಲಿಕ್ಕೆ ಬರುವುದಿಲ್ಲ" ಎಂದು ನಕ್ಕರು. ಗಿರಾಕಿಗಳೂ ನಕ್ಕರು.

ಆಮೇಲೆ ಹುಡುಗನಿಗೆ ಹೇಳಿ ಮೋಟರನ್ನು ನೀರಿನ ಟ್ಯಾಂಕಿನಲ್ಲಿ ಇಡಿಸಿ ಹಗ್ಗ ಎಳೆಸಿದರು. ಸ್ಟಾರ್ಟ್ ಆಯಿತು. "ನೋಡಿ, ಏನೂ ಆಗಿಲ್ಲ" ಎಂದು ಕೂಡಲೇ ಆಫ್ ಮಾಡಿಸಿದರು. ಲೋಡ್ ಇಲ್ಲದೆ, ಬಿಸಿಯಾಗಲು ಬಿಡದೆ ಓಡಿಸಿದರೆ ಎಂಥ ಮೋಟರೂ ಸ್ಟಾರ್ಟ್ ಆಗುತ್ತದೆ. ಹತ್ತು ನಿಮಿಷ ಓಡಿಸಿ ನೋಡೋಣ ಎಂದೆ. "ಪೆಟ್ರೋಲ್ ನಿಮ್ಮಪ್ಪ ಕೊಡ್ತಾನಾ?" ಎಂದರು. ಇದೇ ಮಾತು, ಒಂದಕ್ಷರವೂ ನಾನು ಸೇರಿಸಿಲ್ಲ. ನಾನು ಚೀಲದಿಂದ ಗೇರ್ ಆಯಿಲಿನ ಬಾಟಲಿ ತೆಗೆದು ಮೇಜಿನ ಮೇಲಿಟ್ಟೆ. ಅದನ್ನು ಪೆನ್ನಿನ ತುದಿಯಿಂದ ಪಕ್ಕಕ್ಕೆ ತಳ್ಳಿ, "ಇದು ಎಲ್ಲಿಂದ ತಂದದ್ದೋ ಯಾರಿಗೆ ಗೊತ್ತು" ಎಂದರು. ಅಂದರೆ ನಾನು ಸುಳ್ಳುಗಾರ. ಕೊನೆಗೆ "ಉಪ್ಪುನೀರಿನಿಂದ ಆದ ಹಾನಿ, ನನ್ನದೇ ನಿರ್ಲಕ್ಷ್ಯ" ಎಂದು ಟೈಪ್ ಮಾಡಿದ ಹಾಳೆ ಕೊಟ್ಟು ಸಹಿ ಹಾಕಿ ಎಂದರು. ಸಮುದ್ರಕ್ಕೆ ಎಂದೇ ಮಾರಿದ ಮೋಟರಿಗೆ ಉಪ್ಪುನೀರು ತಾಗಬಾರದಂತೆ! ನಾನು ಸಹಿ ಹಾಕಲಿಲ್ಲ. ನನ್ನ ತಮ್ಮನ ಮಗ, ಹದಿನೇಳು ವರ್ಷದ ಹುಡುಗ, ಪಕ್ಕದಲ್ಲೇ ನಿಂತು ಇಷ್ಟನ್ನೂ ಕೇಳಿಸಿಕೊಂಡ. ವಾಪಸ್ ಬರುವಾಗ ದಾರಿಯುದ್ದ ಅವನು ನನ್ನ ಮುಖ ನೋಡಲಿಲ್ಲ.

ನನ್ನ ನಷ್ಟ ಮೋಟರಿನ ಬೆಲೆಯಷ್ಟೇ ಅಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದಿಂದ ದೊಡ್ಡ ಬೋಟುಗಳು ದಡದಲ್ಲಿರುತ್ತವೆ, 10 ಅಶ್ವಶಕ್ತಿಯೊಳಗಿನ ಮೋಟರ್ ಇರುವ ನಾಡದೋಣಿಗಳಿಗೆ ಕಡಲಿಗಿಳಿಯಲು ಅವಕಾಶ. ಸಿಗಡಿ, ಬಂಗುಡೆಗೆ ರೇಟು ಸಿಗುವುದು ಆಗಲೇ. ಮೋಟರ್ ನಿಂತ ಮೇಲೆ ಆ ಕಾಲ ಮುಗಿಯುವವರೆಗೂ ನನ್ನ ದೋಣಿ ಮರಳ ಮೇಲಿತ್ತು.

"ಮೀನುಗಾರಿಕೆ ಕಮರ್ಷಿಯಲ್, ನಿಮಗೆ ಗ್ರಾಹಕ ಕಾನೂನು ಬರುವುದಿಲ್ಲ" ಎಂದು ನಿಮ್ಮ ಮ್ಯಾನೇಜರ್ ಫೋನಿನಲ್ಲಿ ಹೇಳಿದ್ದಾರೆ. ಅವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಓದಲಿ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಕೊಂಡ ವಸ್ತುವಿಗೆ ಆ ಕಾಯ್ದೆ ಅನ್ವಯಿಸುತ್ತದೆ. ದೂರು ಕೊಡಲು ಎರಡು ವರ್ಷ ಸಮಯ ಇದೆ, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ವಕೀಲರೇ ಬೇಕೆಂದೂ ಇಲ್ಲ. ನಿಮ್ಮ ಊರಿಗೆ ಬರುವ ಅಗತ್ಯವೂ ಇಲ್ಲ, ನಾನಿರುವ ಜಿಲ್ಲೆಯಲ್ಲೇ ಹಾಕಬಹುದು. ಉಡುಪಿಯ ಗ್ರಾಹಕ ಆಯೋಗಕ್ಕೆ ಕೊಡುವ ಅರ್ಜಿ ತಯಾರಾಗಿದೆ. ನೀವು ಸಹಿ ಹಾಕಿದ ಕಾರ್ಡ್, ಇಂಪೆಲ್ಲರ್, ಬಣ್ಣ ಬಳಿದ ಆನೋಡ್, ಆಯಿಲ್ ಬಾಟಲಿ ಎಲ್ಲವನ್ನೂ ಕಟ್ಟಿ ಇಟ್ಟಿದ್ದೇನೆ. ಮೋಟರ್ ಬಿಚ್ಚುವಾಗ ಇದ್ದ ನಾಲ್ವರೂ ಸಾಕ್ಷಿ ಹೇಳುತ್ತಾರೆ.

ಮೋಟರ್ ವಾಪಸ್ ತಗೊಂಡು ಪೂರ್ತಿ ಹಣ ಕೊಡಿ ಎಂದು ಮೊದಲು ಕೇಳಿದ್ದೆ. ಈಗ ಅಷ್ಟಕ್ಕೇ ನಾನು ಸುಮ್ನೆ ಕೂರುವುದಿಲ್ಲ. ಹಣ ಕೊಟ್ಟರೂ, ನಿಮ್ಮ ಮ್ಯಾನೇಜರ್ ಗಂಗೊಳ್ಳಿ ಬಂದರಿಗೆ ಬಂದು ನನ್ನ ತಮ್ಮನ ಮಗನ ಎದುರು ತಪ್ಪಾಯಿತು ಎನ್ನುವವರೆಗೆ ಅರ್ಜಿ ಹಿಂದಕ್ಕೆ ತೆಗೆಯುವುದಿಲ್ಲ. ಮರವಂತೆ, ಕೊಡೇರಿ, ಉಪ್ಪುಂದ, ಅಳ್ವೆಗದ್ದೆ, ಎಲ್ಲಾ ಕಡೆಯೂ ನಾಡದೋಣಿಯವರು ನನಗೆ ಗೊತ್ತು. ಮುಂದಿನ ಮಳೆಗಾಲದ ಮೊದಲು ನಿಮ್ಮಲ್ಲಿ ಮೋಟರ್ ನೋಡಲು ಬರುವ ಪ್ರತಿಯೊಬ್ಬರೂ ಕಂಪ್ರೆಶನ್ ಗೇಜ್ ಹಿಡಿದುಕೊಂಡೇ ಬರುತ್ತಾರೆ, ಗೇರ್ ಆಯಿಲ್ ಇಳಿಸಿ ತೋರಿಸಿ ಎಂದೇ ಕೇಳುತ್ತಾರೆ. ಅದನ್ನು ನಾನು ಮಾಡಿಯೇ ತೀರುತ್ತೇನೆ.

ಇಂತಿ,
ನಿಮ್ಮಲ್ಲಿ ಮೋಟರ್ ಕೊಂಡ ನಾಡದೋಣಿ ಮೀನುಗಾರ
ಗಂಗೊಳ್ಳಿ