ಸಂಕಾರಾ ಕುರಿತು ಬರೆಯುತ್ತಿರುವ ಯುವ ಮಿತ್ರರಿಗೆ

ಪ್ರಿಯ ಮಿತ್ರರೇ,

ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೋ ದೇಶದ ನಾಯಕ ಥಾಮಸ್ ಸಂಕಾರಾ ಅವರನ್ನು ಕುರಿತ ನಿಮ್ಮ ಕರಡನ್ನು ಗಮನವಿಟ್ಟು ಓದಿದೆ. ಜನರು ಅವರನ್ನು ಏಕೆ ಬೆಂಬಲಿಸಿದರು ಎಂಬ ಪ್ರಶ್ನೆಗೆ ನೀವು ಅವರ ವ್ಯಕ್ತಿತ್ವದ ಆಕರ್ಷಣೆಯನ್ನೂ ಭಾಷಣಗಳನ್ನೂ ಉತ್ತರವಾಗಿ ಕೊಟ್ಟು ಮುಂದೆ ಸಾಗಿದ್ದೀರಿ. ಆ ಉತ್ತರ ಸಾಲದು ಎಂಬ ಕಾರಣಕ್ಕಾಗಿಯೇ ಈ ಪತ್ರ.

1983ರ ಆಗಸ್ಟ್ 4ರಂದು ಅವರು ಅಧಿಕಾರ ಹಿಡಿದಾಗ, ಆಗಿನ್ನೂ ಅಪ್ಪರ್ ವೋಲ್ಟಾ ಎನಿಸಿಕೊಂಡಿದ್ದ ಆ ದೇಶದ ಬಹುಪಾಲು ಜನ ಜೋಳ, ಸಜ್ಜೆ ಬೆಳೆದು ಬದುಕುವ ರೈತರಾಗಿದ್ದರು. ಹೆಚ್ಚಿನವರಿಗೆ ಓದು ಬರಹ ಬರುತ್ತಿರಲಿಲ್ಲ. ಅಂಥವರ ಮನೆಗೆ ಕ್ರಾಂತಿ ತಲುಪಿದ್ದು ಸಿದ್ಧಾಂತದ ರೂಪದಲ್ಲಲ್ಲ. ಬೆಳೆ ಬಂದರೂ ಬಾರದಿದ್ದರೂ ಕಟ್ಟಲೇಬೇಕಾಗಿದ್ದ ತಲೆಗಂದಾಯ ರದ್ದಾಯಿತು, ಊರಿನ ಪಾರಂಪರಿಕ ಮುಖಂಡರಿಗೆ ಸಲ್ಲಿಸಬೇಕಾಗಿದ್ದ ಕಾಣಿಕೆ ಮತ್ತು ಬಿಟ್ಟಿ ಚಾಕರಿ ನಿಂತವು, 1984ರಲ್ಲಿ ಭೂಮಿಯೆಲ್ಲ ಸರ್ಕಾರದ್ದೆಂದು ಘೋಷಣೆಯಾಗಿ ಅದನ್ನು ಹಂಚುವ ಮುಖಂಡರ ಅಧಿಕಾರಕ್ಕೆ ಪೆಟ್ಟು ಬಿತ್ತು. ಅದೇ ವರ್ಷದ ಕೊನೆಯಲ್ಲಿ ದಡಾರ, ಹಳದಿ ಜ್ವರ ಮತ್ತು ಮೆನಿಂಜೈಟಿಸ್ ವಿರುದ್ಧ ಕೆಲವೇ ವಾರಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಲಸಿಕೆ ಹಾಕಲಾಯಿತು. ದಡಾರಕ್ಕೆ ಮಗುವನ್ನು ಕಳೆದುಕೊಂಡಿದ್ದ ತಾಯಿಗೆ ಈ ಸರ್ಕಾರ ಏನು ಎಂಬುದನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ನಿಮ್ಮ ಕರಡಿನಲ್ಲಿ ಈ ಲಸಿಕೆಗೆ ಒಂದೇ ವಾಕ್ಯ ಸಿಕ್ಕಿದೆ. ನನ್ನ ದೃಷ್ಟಿಯಲ್ಲಿ ಲೇಖನದ ಕೇಂದ್ರವೇ ಅದು.

ಎಲ್ಲ ಸುಧಾರಣೆಗಳೂ ಒಂದೇ ಬಗೆಯ ಬೆಂಬಲವನ್ನು ತರುವುದಿಲ್ಲ ಎಂಬುದನ್ನೂ ದಯವಿಟ್ಟು ಗಮನಿಸಿ. 1985ರಲ್ಲಿ ಮನೆಬಾಡಿಗೆಯನ್ನು ಮನ್ನಾ ಮಾಡಿದ್ದು ಪಟ್ಟಣದ ಬಾಡಿಗೆದಾರರಿಗೆ ಆ ವರ್ಷದ ಮಟ್ಟಿಗೆ ಸಿಕ್ಕ ನೆರವು. ತಲೆಗಂದಾಯದಿಂದ ಸಿಕ್ಕ ಬಿಡುಗಡೆಯೋ ವರ್ಷ ವರ್ಷವೂ ಸುಗ್ಗಿಯ ಹೊತ್ತಿಗೆ ಮರಳಿ ಅನುಭವಕ್ಕೆ ಬರುವ ಲಾಭ. ಬೆಂಬಲ ಉಳಿಯುವುದು ಇಂಥ ಮರುಕಳಿಸುವ ಲಾಭದಿಂದ, ಜೊತೆಗೆ ಆಳುವವರೂ ತಮ್ಮ ಪಾಲಿನ ಕಷ್ಟವನ್ನು ಹೊತ್ತಿದ್ದಾರೆಂಬ ನಂಬಿಕೆಯಿಂದ. ಸರ್ಕಾರದ ಮರ್ಸಿಡಿಸ್ ಕಾರುಗಳನ್ನು ಮಾರಿ, ಮಂತ್ರಿಗಳು ಸಣ್ಣ ರೆನೋ 5 ಕಾರಿನಲ್ಲಿ ಓಡಾಡುವಂತೆ ಮಾಡಿದ ಸಂಗತಿಯನ್ನು ನೀವು ಸ್ವಾರಸ್ಯಕ್ಕಾಗಿ ಹೇಳಿದ್ದೀರಿ. ಊರವರೇ ಕೂಲಿಯಿಲ್ಲದೆ ರೈಲು ಹಳಿ ಹಾಕಬೇಕೆಂದು, ಗಿಡ ನೆಡಬೇಕೆಂದು ಕೇಳುವ ನೈತಿಕ ಹಕ್ಕು ಆ ಸರ್ಕಾರಕ್ಕೆ ಬಂದದ್ದೇ ಅಂಥ ನಡವಳಿಕೆಯಿಂದ ಎಂದು ಅಲ್ಲಿ ಸೇರಿಸಿ.

ಇನ್ನು, ಈ ಸುಧಾರಣೆಗಳ ಬೆಲೆ ತೆತ್ತವರು ಯಾರು ಎಂಬುದನ್ನು ನೀವು ಬರೆದೇ ಇಲ್ಲ. ಸರ್ಕಾರಿ ನೌಕರರ ಸಂಬಳಕ್ಕೆ ಕತ್ತರಿ ಬಿತ್ತು. ದೇಶದ ಹತ್ತಿಯಿಂದ ಕೈಮಗ್ಗದಲ್ಲಿ ನೇಯ್ದ ಫಾಸೋ ದಾನ್ ಫಾನಿ ಬಟ್ಟೆಯನ್ನು ಅವರು ತೊಡಬೇಕಾಯಿತು. 1984ರ ಮಾರ್ಚಿನಲ್ಲಿ ಮುಷ್ಕರ ಹೂಡಿದ ಸಾವಿರಕ್ಕೂ ಹೆಚ್ಚು ಶಿಕ್ಷಕರನ್ನು ವಜಾ ಮಾಡಲಾಯಿತು. ಸಾಕ್ಷರತೆಯನ್ನು ಹಂಬಲಿಸಿದ ಸರ್ಕಾರವೊಂದು ತನ್ನ ಶಾಲೆಗಳನ್ನು ತಾನೇ ಬರಿದು ಮಾಡಿಕೊಂಡ ಈ ನಿರ್ಧಾರವನ್ನು, ಸಂಕಾರಾ ಅವರನ್ನು ಮೆಚ್ಚುವ ನಾನು ಸಮರ್ಥಿಸಲಾರೆ. ಸರ್ಕಾರ ಊರೂರಲ್ಲಿ ಕಟ್ಟಿದ ಕ್ರಾಂತಿ ರಕ್ಷಣಾ ಸಮಿತಿಗಳ ಕೈಗೆ ಬಂದೂಕು ಬಂದ ಮೇಲೆ ಕೆಲವೆಡೆ ನಡೆದ ದಬ್ಬಾಳಿಕೆಯೂ ಇಲ್ಲಿಯೇ ಬರಬೇಕು. ಚುನಾವಣೆಯಿಲ್ಲದ, ಸಂಘಟನೆಗಳ ಬಾಯಿ ಕಟ್ಟಿದ್ದ ದೇಶದಲ್ಲಿ ಮೌನವನ್ನು ಬೆಂಬಲವೆಂದು ಎಣಿಸುವ ಅಪಾಯವಿದೆ. ಹಾಗೆಯೇ ಹಳ್ಳಿಯ ನಿಜವಾದ ಕೃತಜ್ಞತೆಯನ್ನು ಬರೀ ಭಯವೆಂದು ತಳ್ಳಿಹಾಕುವ ಅಪಾಯವೂ ಇದೆ. ಇವೆರಡನ್ನೂ ಬೇರ್ಪಡಿಸಿ ನೋಡುವ ಶ್ರಮದಲ್ಲಿಯೇ ನಿಮ್ಮ ಬರಹದ ಬೆಲೆ ಇದೆ.

1987ರ ಅಕ್ಟೋಬರ್ 15ರಂದು ಸಂಕಾರಾ ಮತ್ತು ಅವರ ಹನ್ನೆರಡು ಮಂದಿ ಸಂಗಡಿಗರನ್ನು ಸೈನಿಕರು ಕೊಂದರು, ಸಂಕಾರಾ ಅವರ ಗೆಳೆಯ ಬ್ಲೇಸ್ ಕಂಪಾವೊರೆ ಅಧಿಕಾರಕ್ಕೆ ಬಂದರು. ಸುಧಾರಣೆಯಿಂದ ಹೆಚ್ಚು ಲಾಭ ಪಡೆದ ರೈತರ ಕೈಯಲ್ಲಿ ಈ ಅಧಿಕಾರ ಕಬಳಿಕೆಯನ್ನು ತಡೆಯಬಲ್ಲ ಯಾವ ಸಂಸ್ಥೆಯೂ ಇರಲಿಲ್ಲ. ರಾಜಧಾನಿಯ ಕಾರ್ಮಿಕ ಸಂಘಗಳು ಅಷ್ಟರಲ್ಲಿ ದೂರವಾಗಿದ್ದವು. ಆದರೂ 2014ರಲ್ಲಿ ಕಂಪಾವೊರೆಯವರನ್ನು ಕೆಳಗಿಳಿಸಿದ ಯುವಜನರು ಬೀದಿಗಳಲ್ಲಿ ಸಂಕಾರಾ ಅವರ ಹೆಸರನ್ನೇ ಕೂಗಿದರು. ಅವರಲ್ಲಿ ಅನೇಕರು ಸಂಕಾರಾ ಅವರ ಆಡಳಿತವನ್ನು ಕಂಡವರೇ ಅಲ್ಲ. ಆ ಬೆಂಬಲ ಒಂದು ತಲೆಮಾರನ್ನು ದಾಟಿ ಬಂದದ್ದು ಹೇಗೆಂದು ಮುಂದಿನ ಕರಡಿನಲ್ಲಿ ವಿಚಾರಿಸಿ, ಶಿಕ್ಷಕರ ಭಾಗವನ್ನೂ ಸೇರಿಸಿ ಕಳುಹಿಸಿ.

ಇಂತಿ,
ನಿಮ್ಮ ಹಿತೈಷಿ